ಭರಣಿಗೆ ಸುತ್ತಿದ ಅಡಿಕೆ ಹಾಳೆ

ಪುತ್ತೂರಿನ ಒಂದು ಸಣ್ಣ ವಸ್ತುಸಂಗ್ರಹಾಲಯದಲ್ಲಿ ನನಗೆ ಕೆಲಸ. ಅಲ್ಲಿಯ ಹಳೆಯ ಉಪ್ಪಿನಕಾಯಿ ಭರಣಿಗಳನ್ನು ಶಾಲೆಯಿಂದ ಶಾಲೆಗೆ ಒಯ್ದು ತೋರಿಸುತ್ತೇವೆ. ಮೊದಲು ಪ್ರತಿ ಊರಿಗೂ ಹೊಸ ಫ್ಲೆಕ್ಸ್, ಹೊಸ ಥರ್ಮಾಕೋಲ್. ಪ್ರದರ್ಶನ ಮುಗಿದರೆ ಎರಡೂ ಶಾಲೆಯ ಹಿಂದಿನ ಗುಂಡಿಗೆ. ಅದನ್ನು ಬದಲಿಸುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಮಗುಚಿಟ್ಟರೆ ಮೇಜಾಗುವ ಪೆಟ್ಟಿಗೆಗಳನ್ನು ಮಾಡಿಸಿದೆ. ವಿವರಗಳನ್ನು ಬಟ್ಟೆಯ ಮೇಲೆ ಬರೆಸಿದೆ. ಥರ್ಮಾಕೋಲಿನ ಬದಲು ಅಡಿಕೆ ಮರದಿಂದ ಉದುರುವ ಹಾಳೆ: ನೆನೆಸಿ, ಭರಣಿಗೆ ಸುತ್ತಿ ಕಟ್ಟಿಟ್ಟರೆ ಒಣಗಿದ ಮೇಲೂ ಅದೇ ಆಕಾರದಲ್ಲಿ ನಿಲ್ಲುತ್ತದೆ.

ಸಂಗ್ರಹಾಲಯದ ಮುಖ್ಯಸ್ಥರು ಒಪ್ಪಿದ್ದು ಒಂದು ಸುತ್ತಿನ ಪ್ರವಾಸಕ್ಕೆ ಮಾತ್ರ. "ಒಂದು ಭರಣಿ ಒಡೆದರೂ ಮತ್ತೆ ಥರ್ಮಾಕೋಲೇ," ಎಂದಿದ್ದರು.

ಕಡಬದ ಶಾಲೆಯಲ್ಲಿ ತೊಂದರೆಯಾಗಲಿಲ್ಲ. ಗುತ್ತಿಗಾರಿನಲ್ಲಿ ಪ್ರದರ್ಶನ ಮುಗಿದು, ಸಂಪಾಜೆಗೆ ಹೊರಡಲು ಭರಣಿಗಳನ್ನು ಕಟ್ಟಬೇಕೆಂದರೆ, ಜಗಲಿಯ ಮೂಲೆಯಲ್ಲಿ ಒಟ್ಟಿದ್ದ ಹಾಳೆಗಳಿಲ್ಲ. ಬಿಸಿಯೂಟದ ಅಡುಗೆ ಮಾಡುವ ಅಕ್ಕನನ್ನು ಕೇಳಿದೆ.

"ಆ ಹಾಳೆಯಾ? ನೀರು ಕಾಯಿಸುವ ಒಲೆಗೆ ಹಾಕಿದೆ ಮಾರಾಯ್ರೆ. ಎಂತ ಚಂದ ಹತ್ತಿತು ಗೊತ್ತುಂಟಾ!"

ಮೂಲೆಯಲ್ಲಿ ಒಣಹಾಳೆ ಕಂಡರೆ ಇಲ್ಲಿ ಯಾರಾದರೂ ಅದನ್ನೇ ಮಾಡುತ್ತಾರೆ. ನಮ್ಮ ಮನೆಯ ಬಚ್ಚಲೊಲೆ ಹೊತ್ತುವುದೂ ಅದರಿಂದಲೇ.

ವ್ಯಾನಿನ ಚಾಲಕರಿಗೆ ನಗು. "ಥರ್ಮಾಕೋಲ್ ಆಗಿದ್ರೆ ಅಕ್ಕ ಮುಟ್ತಿರ್ಲಿಲ್ಲ. ಸುಳ್ಯದಿಂದ ತರ್ಲಾ?"

ತಂದರೆ ನನ್ನ ಕೆಲಸ ಅಲ್ಲಿಗೆ ಮುಗಿದಂತೆ. ಬೇಡವೆಂದೆ. ಬಿದ್ದ ಹಾಳೆ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳಿದೆ.

"ನಮ್ಮ ತೋಟದಲ್ಲೇ ಉಂಟು, ಬನ್ನಿ," ಎಂದರು ಅಡುಗೆಯವರು. "ಆದ್ರೆ ಈ ಸಲ 'ಒಲೆಗಲ್ಲ' ಅಂತ ಬರ್ದಿಡಿ ಆಯ್ತಾ."

ಹಾಳೆಗಳನ್ನು ಶಾಲೆಯ ಸಿಮೆಂಟ್ ತೊಟ್ಟಿಯಲ್ಲಿ ನೆನೆಸಿದೆವು. ಒಣಗಿಸಲು ಸಮಯವಿರಲಿಲ್ಲ. ಭರಣಿಯ ನುಣುಪು ಮೈಗೆ ತೇವದಿಂದ ಕೇಡಿಲ್ಲವೆಂದು ಹಸಿಯಾಗಿಯೇ ಸುತ್ತಿ, ತೆಂಗಿನ ಹಗ್ಗದಿಂದ ಬಿಗಿದೆ. ಸಂಪಾಜೆಯವರೆಗೆ ತಿರುವು ಬಂದಾಗಲೆಲ್ಲ ಹಿಂದಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದೆ. ಸದ್ದೇ ಬರಲಿಲ್ಲ. ಅಲ್ಲಿ ಬಿಚ್ಚಿದಾಗ ಒಂದೂ ಒಡೆದಿರಲಿಲ್ಲ. ಒಣಹಾಳೆಗಿಂತ ಹಸಿಹಾಳೆ ಹೆಚ್ಚು ಬಿಗಿಯಾಗಿ ಕೂತಿತ್ತು.

ಪುತ್ತೂರಿಗೆ ಮರಳಿದ ಮೇಲೆ ಮುಖ್ಯಸ್ಥರು ಭರಣಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಮುಂದಿನ ಸುತ್ತಿಗೂ ಒಪ್ಪಿದರು. ಅವೇ ಹಾಳೆಗಳನ್ನು ಊರೂರಿಗೆ ಹೊತ್ತು ತಿರುಗುವುದನ್ನು ನಾನು ಬಿಟ್ಟಿದ್ದೇನೆ. ಹೋಗುವ ಮೊದಲು ಶಾಲೆಗೆ ಫೋನ್ ಮಾಡಿ ಹೇಳುತ್ತೇನೆ: ವಾಪಸ್ ಕಟ್ಟಲು ಹೊಸ ಹಾಳೆ ತೆಗೆದಿಡಿ, ನಾವು ತಂದದ್ದು ನಿಮ್ಮ ಒಲೆಗೆ.