ಅರಿಶಿನ ಹಚ್ಚಿದ ರಿಮೋಟು

ತೊಂಬತ್ತರ ದಶಕದ ಕೊನೆಯ ಭಾಗ. ಇಸವಿ ಹೇಳಲಾರೆ, ನಾನು ಹೇಳುವ ಇಸವಿಯನ್ನು ತಂಗಿ ಒಪ್ಪುವುದಿಲ್ಲ. ಅಣ್ಣ ಮೊದಲ ಕಾರು ತಂದ ವರ್ಷ, ತಂಗಿಯ ಮಗಳು ಇನ್ನೂ ಕೂರಿಸಿದಲ್ಲೇ ಕೂರುತ್ತಿದ್ದ ವರ್ಷ. ಇಷ್ಟು ಮಾತ್ರ ಖಚಿತ.

ಕಾರು ಸಣ್ಣದು, ಬಿಳಿಯದು. ಕಾರಿಗಿಂತ ಹೆಚ್ಚಾಗಿ ನನ್ನ ತಲೆ ಕೆಡಿಸಿದ್ದು ಮಿರಜದ ಅಂಗಡಿಯೊಂದರಲ್ಲಿ ಅದಕ್ಕೆ ಹಾಕಿಸಿದ ಸೆಂಟ್ರಲ್ ಲಾಕು. ಬೆಂಕಿಪೊಟ್ಟಣದಷ್ಟು ದೊಡ್ಡ ಕರಿ ರಿಮೋಟು, ಅದರ ಮೇಲೊಂದು ಗುಂಡಿ. ನಮ್ಮ ದ್ರಾಕ್ಷಿ ಪಡದ, ಅಂದರೆ ತೋಟದ, ತುದಿಯಲ್ಲಿ ನಿಂತು ಒತ್ತಿದರೂ ಅಂಗಳದಲ್ಲಿದ್ದ ಕಾರು ಟುಂಯ್ ಎಂದು ಓಗೊಟ್ಟು ಬಾಗಿಲು ಬಿಚ್ಚಿಕೊಳ್ಳುತ್ತಿತ್ತು. ನಾನಾಗ ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಅಥಣಿಗೆ ಮರಳಿದ್ದೆ. ದಿನಕ್ಕೆ ಇಪ್ಪತ್ತು ಸಲ ಒತ್ತುತ್ತಿದ್ದೆ, ಬಂದವರಿಗೆಲ್ಲ ಕಾಣದ ಅಲೆಗಳ ಬಗ್ಗೆ ಪಾಠ ಹೇಳುತ್ತಿದ್ದೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದು ಗುಣ. ಬಾಗಿಲು ಹಾಕಿ ಮರೆತು ಹೋದರೆ, ಅರ್ಧ ನಿಮಿಷದಲ್ಲಿ ಕಾರು ತಾನೇ ಲಾಕ್ ಮಾಡಿಕೊಳ್ಳುತ್ತಿತ್ತು. ಕೀಲಿ ಒಳಗೇ ಇದೆಯೇ, ಯಾರಾದರೂ ಒಳಗಿದ್ದಾರೆಯೇ ಎಂದು ನೋಡುವ ಬುದ್ಧಿ ಅದಕ್ಕಿರಲಿಲ್ಲ. ಆ ಪ್ರಶ್ನೆ ಎಂ.ಎಸ್ಸಿ. ಓದಿದ ನನಗೂ ಹೊಳೆದಿರಲಿಲ್ಲ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ನಮ್ಮ ತೋಟದ ಮನೆಯಲ್ಲಿ ಕಬ್ಬಿಣದ ವಸ್ತು ಒಂದೂ ಹೊರಗಿರುವುದಿಲ್ಲ. ಹಾರೆ, ಕೊಡಲಿ, ಕುಡಗೋಲು, ನಟ್ಟು ತಿರುಗಿಸುವ ಪಾನಾ, ತಂತಿ ಕತ್ತರಿಸುವ ಪಕ್ಕಡ, ದ್ರಾಕ್ಷಿ ಸವರುವ ಕತ್ತರಿಗಳು, ಕಸಿ ಕಟ್ಟುವ ಚಾಕು ಎಲ್ಲವನ್ನೂ ತೊಳೆದು, ವಿಭೂತಿ ಕುಂಕುಮ ಹಚ್ಚಿ ದೇವರ ಕೋಣೆಯಲ್ಲಿ ಕಂಬಳಿಯ ಮೇಲೆ ಇಡುತ್ತಾರೆ. ಮರುದಿನ ಬನ್ನಿ ಮುಡಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ಈ ಕಟ್ಟಳೆಯ ಕಾವಲುಗಾರಳು ನಾವು ಆಯಿ ಎನ್ನುತ್ತಿದ್ದ ನಮ್ಮ ಅಜ್ಜಿ. ಕಬ್ಬಿಣಕ್ಕೆ ದಣಿವಾಗುವುದಿಲ್ಲ, ಅದಕ್ಕೆಂಥ ರಜೆ ಎಂದು ನಾನು ವಾದ ಹೂಡಿದ್ದೆ. ಆಯಿ ನನ್ನ ಮಾತನ್ನು ಅರ್ಧಕ್ಕೇ ಬಿಟ್ಟು ರಿಮೋಟಿನ ಕಡೆ ಕೈ ಚಾಚಿದಳು.

"ಕೀಲಿ ಇಲ್ಲದ ಕದಾ ತೆರೀತೈತಿ ಅಂದ್ರ ಅದೂ ಆಯುಧಾನ. ತಾ ಇಲ್ಲೆ."

ಕಾರನ್ನು ಲಿಂಬೆಹಣ್ಣಿನ ಮೇಲೆ ಹಾಯಿಸಬೇಕಿದ್ದರಿಂದ ಕೀಲಿ ಅಣ್ಣನಿಗೆ ಬೇಕಿತ್ತು. ರಿಮೋಟನ್ನು ಗೊಂಚಲಿನಿಂದ ಬಿಡಿಸಿ ನಾನೇ ಆಯಿಗೆ ಕೊಟ್ಟೆ. ಅದು ಹಾರೆ ಕೊಡಲಿಗಳ ಸಾಲಿನಲ್ಲಿ ಕೂತಿತು. ಆಯಿ ಅದಕ್ಕೂ ನೀರು ಚಿಮುಕಿಸಿದಳು, ಅರಿಶಿನ ಹಚ್ಚಿದಳು. ನಾನು ನಗುತ್ತ ನೋಡಿದೆ. ತಡೆಯಲಿಲ್ಲ.

ಬಿಸಿಲೇರಿತ್ತು. ಅಣ್ಣ ಲಿಂಬೆಹಣ್ಣುಗಳನ್ನು ಜಜ್ಜಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಅಲ್ಲೇ ಬಿಟ್ಟು ತೆಂಗಿನಕಾಯಿ ಒಡೆಯಲು ಇಳಿದ. ಹೊಸ ಬಂಡಿ ಬಂದರೆ ಮನೆಯ ಅತಿ ಸಣ್ಣ ಕೂಸನ್ನು ಅದರಲ್ಲಿ ಕೂರಿಸಿ ಆರತಿ ಎತ್ತುವುದು ನಮ್ಮಲ್ಲಿ ರೂಢಿ. ಹಬ್ಬಕ್ಕೆಂದು ಏಕಸಂಬಿಯಿಂದ ಬಂದಿದ್ದ ತಂಗಿ, ಎಂಟು ತಿಂಗಳ ಮಗಳನ್ನು ಚಾಲಕನ ಸೀಟಿನಲ್ಲಿ ದಿಂಬು ಒತ್ತಿ ಕೂರಿಸಿದಳು. ಕರ್ಪೂರದ ಹೊಗೆ ತಾಗದಿರಲಿ ಎಂದು ಗಾಜು ಏರಿಸಿ ಬಾಗಿಲು ಹಾಕಿದಳು. ಬಾಗಿಲು ಹಾಕಿದ್ದು ನಾನೋ? ನನ್ನ ನೆನಪಿನಲ್ಲಿ ನನ್ನ ಕೈ ಇದೆ. ತಂಗಿ ತನ್ನದೆನ್ನುತ್ತಾಳೆ. ಆರತಿ ಎರಡು ಸುತ್ತು ಬಂದಿರಬೇಕು, ಟುಂಯ್ ಎಂದಿತು ಕಾರು. ಬಾಗಿಲುಗಳ ಲಾಕು ಟಕ್ಕೆಂದು ಬಿದ್ದುಕೊಂಡಿತು.

ಎಲ್ಲರೂ ನಕ್ಕರು. ಒಳಗೆ ಕೂಸೂ ನಕ್ಕಿತು. ನಾನು ಗತ್ತಿನಿಂದ ಹೋಗಿ ರಿಮೋಟು ತಂದು ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಗುಂಡಿಯ ಸುತ್ತ ಅರಿಶಿನದ ನೀರು ಜಿನುಗಿ ನನ್ನ ಹೆಬ್ಬೆರಳು ಹಳದಿಯಾಯಿತು. ಬಿಚ್ಚಿ ಒರೆಸಿದೆ, ಊದಿದೆ, ಶರ್ಟಿಗೆ ತಿಕ್ಕಿದೆ. ಕಾರು ಮಾತಾಡಲಿಲ್ಲ. ಇನ್ನೊಂದು ಕೀಲಿ ಎಲ್ಲಿ ಎಂದರೆ, ಎರಡನೆಯ ರಿಮೋಟು ಜೋಡಿಸಿಕೊಡಲು ಅದನ್ನು ಮಿರಜದ ಅಂಗಡಿಯವನೇ ಇಟ್ಟುಕೊಂಡಿದ್ದ.

ಅಕ್ಟೋಬರಿನ ಬಿಸಿಲು ನಮ್ಮ ಕಡೆ ಬೇಸಿಗೆಯ ತಮ್ಮ. ಗಾಜಿನೊಳಗೆ ಕೂಸಿನ ಮುಖ ಕೆಂಪಾಗತೊಡಗಿತು. ಅದು ಅಳಲು ಶುರುಮಾಡಿದ ಮೇಲೆ ನಗು ನಿಂತಿತು. ಯಾರೋ ಹಸಿ ಧೋತರ ತಂದು ಮುಂದಿನ ಗಾಜಿಗೆ ಹೊದಿಸಿದರು, ಯಾರೋ ಕಾರಿನ ನೆತ್ತಿಗೆ ಕೊಡಗಟ್ಟಲೆ ನೀರು ಸುರಿದರು. ಅಣ್ಣ ಒಂದು ಕಲ್ಲೆತ್ತಿ ಹಿಂದಿನ ಪಕ್ಕದ ಗಾಜಿಗೆ ಬೀಸಿದ. ಕಲ್ಲು ಪುಟಿದು ಅವನ ಕಾಲಿಗೇ ಬಂತು. ಆ ಸದ್ದಿಗೆ ಬೆಚ್ಚಿದ ಕೂಸು ದಿಂಬಿನಿಂದ ಜಾರಿ, ಸೀಟಿನ ಕೆಳಗೆ ಕಾಲಿಡುವ ಜಾಗಕ್ಕೆ ಉರುಳಿತು. ಈಗ ಅದು ಕಾಣುತ್ತಲೂ ಇರಲಿಲ್ಲ. ಅಳು ಮಾತ್ರ ಕೇಳುತ್ತಿತ್ತು. ತಂಗಿ ಗಾಜಿಗೆ ಹಣೆ ಹಚ್ಚಿ ಮಗಳನ್ನು ಕೂಗುತ್ತಿದ್ದಳು.

"ಹಾರೆ ತಾ ಲೇ," ಎಂದ ಅಣ್ಣ ನನಗೆ.

ಓಡಿದೆ. ದೇವರ ಕೋಣೆಯ ಹೊಸ್ತಿಲಲ್ಲಿ ನಿಂತೆ. ಹೌದು, ನಿಂತೆ. ಹಾರೆ ಎದುರಿಗೇ ಇತ್ತು, ಕುಂಕುಮ ಹಚ್ಚಿಕೊಂಡು, ಚೆಂಡುಹೂ ಮುಡಿದುಕೊಂಡು. ಹೊರಗೆ ಕೂಸು ಅಳುತ್ತಿತ್ತು. ದೇವರಿಲ್ಲ ಎಂದು ಧಾರವಾಡದ ಹಾಸ್ಟೆಲಿನಲ್ಲಿ ಮೇಜು ಗುದ್ದಿ ಹೇಳುತ್ತಿದ್ದವನ ಕಾಲು ಹೊಸ್ತಿಲು ದಾಟಲಿಲ್ಲ. ಕಾಲಲ್ಲಿ ಚಪ್ಪಲಿ ಇದ್ದುದಕ್ಕೆ ನಿಂತೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆ ಹೊತ್ತಿಗೆ ಕಾಲಲ್ಲಿ ಚಪ್ಪಲಿ ಇತ್ತೇ ಎಂಬುದೂ ಈಗ ಗೊತ್ತಿಲ್ಲ.

ನನ್ನ ಹಿಂದೆಯೇ ಆಯಿ ಬಂದಳು. ಅವಳ ಹಿಂದೆ, ದ್ರಾಕ್ಷಿ ಚಪ್ಪರಕ್ಕೆ ತಂತಿ ಬಿಗಿಯುವ, ನಾವೆಲ್ಲ ಕಾಕಾ ಎನ್ನುತ್ತಿದ್ದ ತೋಟದ ಆಳು. ಅವನು ಹೊರಗಿನಿಂದಲೇ ಹೇಳಿದ:

"ಹಾರೆ ಬ್ಯಾಡ್ರಿ ಆಯಿ, ಗಾಜು ಕೂಸಿನ ಮ್ಯಾಲ ಬೀಳತೈತಿ. ಕಸಿ ಚಾಕು ಕೊಡ್ರಿ. ಹಿಂದಿನ ಗಾಜಿಗಿ ಬರೇ ರಬ್ಬರ್ ಐತಿ."

ಆಯಿ ನನ್ನನ್ನು ಪಕ್ಕಕ್ಕೆ ಸರಿಸಿ ಒಳನುಗ್ಗಿದಳು. ಅವಳ ಸೆರಗಿಗೆ ಸಿಕ್ಕು ದೀಪದ ಸಮೆ ಒರಗಿತು, ಎಣ್ಣೆ ಚೆಲ್ಲಿತು. ಅವಳು ಹೊರಳಿಯೂ ನೋಡಲಿಲ್ಲ. ಚಾಕು ತೆಗೆದು, ಅದರ ಮೇಲಿನ ಹೂವನ್ನು ಕೊಡವಿ, ಕಾಕಾನ ಕೈಗಿಟ್ಟಳು. ಅವನು ಒಂದು ಕ್ಷಣ ಅವಳ ಮುಖ ನೋಡಿದ.

"ನನ್ನ ಮಾರಿ ಏನ್ ನೋಡ್ತಿಯೋ? ನಡಿ."

ಮುಂದಿನದು ಎಷ್ಟು ಬೇಗ ಆಯಿತೆಂದರೆ, ನೆನಪಿಗೇ ಉಸಿರುಕಟ್ಟುತ್ತದೆ. ಕಾಕಾ ಕಸಿಗೆ ಕಡ್ಡಿ ಸೀಳುವ ಹಗುರದಲ್ಲಿ ಹಿಂಗಾಜಿನ ಸುತ್ತ ರಬ್ಬರ್ ಕೊಯ್ಯುತ್ತ ಹೋದ. ಅರ್ಧ ಕೊಯ್ದಿರಬೇಕು, ಒಳಗಿನ ಅಳು ಸಣ್ಣದಾಯಿತು. ಆಮೇಲೆ ನಿಂತಿತು. ರಬ್ಬರ್ ಸೀಳುವ ಚರ್ ಸದ್ದೊಂದೇ. ಅಣ್ಣ ಮತ್ತು ಕಾಕಾ ಉಗುರು ತೂರಿಸಿ ಗಾಜನ್ನು ಇಡಿಯಾಗಿ ಎಬ್ಬಿಸಿದರು. ಬಿಸಿಗಾಳಿ ಒಲೆಯ ಬಾಯಿಯಿಂದ ಬಂದಂತೆ ಮುಖಕ್ಕೆ ಬಡಿಯಿತು. ನಾನು ತಲೆ ಮುಂದಾಗಿ ಒಳಗೆ ನುಗ್ಗಿದೆ, ಸೀಟುಗಳ ನಡುವೆ ತೆವಳಿದೆ, ಚೆಂಡುಹೂವಿನ ಬೆಂದ ವಾಸನೆ, ಪೆಡಲಿನ ಪಕ್ಕ ಬೆವರಿನಿಂದ ಜಾರುವ ಪುಟ್ಟ ಮೈ, ಅದನ್ನೆತ್ತಿ ಎದೆಗೊತ್ತಿದೆ, ಕೈ ಚಾಚಿ ಬಾಗಿಲಿನ ಗುಬುಟು ಎಳೆದೆ.

ಹೊರಗೆ ಗಾಳಿ ಬೀಸಿದ್ದೇ ಕೂಸು ಒಂದು ಬಿಕ್ಕು ಬಿಕ್ಕಿತು. ಆಮೇಲೆ ಇಡೀ ತೋಟಕ್ಕೆ ಕೇಳುವಂತೆ ಕಿರುಚಿತು. ಅಷ್ಟು ಸಿಹಿಯಾದ ಕಿರುಚಾಟವನ್ನು ನಾನು ಮತ್ತೆ ಕೇಳಿಲ್ಲ. ತಂಗಿ ಒದ್ದೆ ಸೆರಗಿನಿಂದ ಅದರ ತಲೆ ಒರೆಸಿ, ಬೇವಿನ ನೆರಳಲ್ಲಿ ಕೂತು ಎದೆಗಿಟ್ಟುಕೊಂಡಳು. ಅದು ಗುಟುಕು ಗುಟುಕು ಕುಡಿಯುವುದನ್ನು ಹತ್ತು ಹನ್ನೆರಡು ಜನ ಸುತ್ತ ನಿಂತು ನೋಡಿದೆವು, ಗಂಡಸರು ಮುಖ ತಿರುಗಿಸುವುದನ್ನೂ ಮರೆತು.

ಅಣ್ಣ ಸಿಟ್ಟಿನಿಂದ ಆ ಲಾಕಿನ ತಂತಿಗಳನ್ನು ಈಗಲೇ ಕಿತ್ತೆಸೆಯುತ್ತೇನೆ, ಪಕ್ಕಡ ತನ್ನಿ ಎಂದ. ಆಯಿ ಅಷ್ಟರಲ್ಲಿ ಚಾಕುವನ್ನು ತೊಳೆದು, ಹೊಸ ಕುಂಕುಮ ಹಚ್ಚಿ ಅದರ ಜಾಗದಲ್ಲಿಟ್ಟು ಬಂದಿದ್ದಳು.

"ಪಕ್ಕಡ ನಾಳಿಗೆ. ಇವತ್ತ ಪೂಜೆದಾಗ ಐತಿ," ಎಂದಳು.

ಆದ್ದರಿಂದ ಆ ದಿನವಿಡೀ ಕಾರು ಅಂಗಳದಲ್ಲಿ ಬಾಗಿಲುಗಳನ್ನೆಲ್ಲ ತೆರೆದುಕೊಂಡು ನಿಂತಿತು. ಅರಿಶಿನದ ನೀರು ಒಣಗುತ್ತಿದ್ದಂತೆ ರಿಮೋಟಿಗೆ ಏನಾಯಿತೋ, ನಡುನಡುವೆ ಕಾರು ಟುಂಯ್ ಎನ್ನುತ್ತ ತೆರೆದ ಬಾಗಿಲುಗಳನ್ನೇ ಲಾಕ್ ಮಾಡುತ್ತಿತ್ತು. ಪ್ರತಿ ಸಲವೂ ತಂಗಿ ಮಗಳನ್ನು ಬಿಗಿಹಿಡಿಯುತ್ತಿದ್ದಳು.

ಒಳಗೆ ತೆವಳಿದ ಕಥೆಯನ್ನು ನಾನು ವರ್ಷಗಟ್ಟಲೆ ಹೇಳಿದ್ದೇನೆ. ಕಾಗವಾಡದ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಹೀಗೇ ಹೇಳುತ್ತಿದ್ದಾಗ, ಪಕ್ಕದಲ್ಲಿದ್ದ ತಂಗಿ ಬಳೆ ಹಿಂದಕ್ಕೆ ಸರಿಸಿ ತನ್ನ ಮುಂಗೈಯನ್ನು ನನ್ನ ಎಲೆಯ ಪಕ್ಕ ಇಟ್ಟಳು. ಮಣಿಕಟ್ಟಿನಿಂದ ಮೊಣಕೈಯವರೆಗೆ ಬಿಳಿ ಗೆರೆ. ಹಿಂಗಾಜಿನ ಸುತ್ತಲಿನ ತಗಡಿನ ಅಂಚು ಕೊಯ್ದದ್ದು.

"ಮತ್ತ ನೀ ಎಲ್ಲಿದ್ದೆಪಾ ಅಣ್ಣಾ?" ಎಂದು ನನ್ನನ್ನು ಕೇಳಿದಳು, ನಗುತ್ತಲೇ.

ನನ್ನ ಮೈಮೇಲೆ ಅಂಥ ಗೆರೆಯಿಲ್ಲ. ಹುಡುಕಿ ನೋಡಿದ್ದೇನೆ. ಆದರೆ ಆ ಜಾರುವ ಪುಟ್ಟ ಮೈ ಈಗಲೂ ನನ್ನ ಅಂಗೈಯಲ್ಲಿದೆ. ತಂಗಿ ಹೊರಬಂದು ಮೊದಲು ನನ್ನ ಕೈಗೆ ಕೊಟ್ಟಳೋ ಏನೋ. ಪಂಕ್ತಿಯ ಆಚೆ ಕೊನೆಯಲ್ಲಿ ಅವಳ ಮಗಳು, ಎರಡು ಜಡೆಯ ಹುಡುಗಿ, ಎರಡನೆಯ ಸಲ ಶಿರಾ ಬಡಿಸಿಕೊಳ್ಳುತ್ತಿದ್ದಳು.