ನಾನು ಕೆಡಿಸಿದ ಗ್ಯಾಸ್ ಬಾವಿ

ಬರ್ಮಾದ ಈ ಊರಿಗೆ ಬಂದಿಳಿದ ದಿನ ನನ್ನ ಅಕ್ಕನ ಗಂಡ ಈರಣ್ಣ ಮಾವ ಬಾವಿ ತೋರಿಸುತ್ತೇನೆಂದು ಕರೆದೊಯ್ದ. ಕಟ್ಟೆಯಿಲ್ಲ, ಹಗ್ಗವಿಲ್ಲ, ನೀರಂತೂ ಇಲ್ಲವೇ ಇಲ್ಲ. ನೆಲದಿಂದ ಎದ್ದ ಒಂದು ಕಬ್ಬಿಣದ ಕೊಳವೆ ಬುಸ್ಸೆನ್ನುತ್ತಿತ್ತು. "ಇದ್ರಾಗ ಬರೋದು ಗ್ಯಾಸ್ ಲೇ. ಇಲ್ಲಿ ಬೀಡಿ ಹಚ್ಚೀಯ, ಸುಟ್ಟು ಕರಿಕಾಗ್ತಿ!" ಎಂದು ನಕ್ಕ.

ನೆಲ ಮಾತ್ರ ನಮ್ಮ ಆಸ್ಪರಿ ಸೀಮೆಯದೇ. ಅದೇ ಬೋಳು ದಿಬ್ಬ, ಅದೇ ಶೇಂಗಾ ಹೊಲ. ಉಳಿದದ್ದೆಲ್ಲ ಬೇರೆ. ಬೀದಿ ತುಂಬ 'ನಪ್ಪಿ'ಯ ನಾತ. ಅದು ಮೀನು ಕೊಳೆಸಿ ಅರೆದ ಹಿಂಡಿ. ಮೀನು ಮುಟ್ಟದ ಮನೆಯವನು ನಾನು, ಮೊದಲ ವಾರ ಮೂಗು ಮುಚ್ಚಿಕೊಂಡೇ ಅನ್ನ ನುಂಗಿದೆ. ನೆಲದೆಣ್ಣೆಗೆ ಇಲ್ಲಿಯವರು 'ಯೇನಾನ್' ಅನ್ನುತ್ತಾರೆ, ಎಂದರೆ ನಾರುವ ನೀರು. ಕೂಲಿ ಸಾಲಿನಲ್ಲಿ ತೆಲುಗರಿದ್ದುದರಿಂದ ಬಾಯಿಗೆ ಕೆಲಸ ಸಿಕ್ಕಿತು. ಅವರಿಗೆ ನಮ್ಮ ಆದೋನಿ ತೆಲುಗು ಕೇಳಿದರೆ ನಗು.

ಆ ಬಾವಿಯ ಗ್ಯಾಸು ನೆಲದೆಣ್ಣೆ ಎತ್ತುವ ಕಂಪನಿಯ ಬಾಯ್ಲರಿನ ಒಲೆಗೆ ಹೋಗುತ್ತಿತ್ತು. ಅದನ್ನು ಬಿಡುವ ಚಕ್ರ ಮಾವನ ಕೈಯಲ್ಲಿ. ಚಕ್ರಕ್ಕೆ ಸಾಹೇಬರು ಕೆಂಪು ಗೆರೆ ಎಳೆದಿದ್ದರು, ದಾಟಿಸುವಂತಿಲ್ಲ. ಒಮ್ಮೆ ಮಾವ ಜ್ವರದಲ್ಲಿ ಮಲಗಿದ, ಯಾರಿಗೂ ಹೇಳದೆ ನನ್ನನ್ನು ನಿಲ್ಲಿಸಿದ. ಒಲೆಯ ಉರಿ ಸಣ್ಣಗಾಯಿತು. ಬಾಯ್ಲರಿನವರು ಬೈಯತೊಡಗಿದರು. ನಮ್ಮಲ್ಲಿ ಬಾವಿಯ ಊಟೆ ಸಣ್ಣಗಾದರೆ ಏನು ಮಾಡುತ್ತೇವೆ? ಕಪಿಲೆ ಹೂಡಿ ಎತ್ತು ನಿಲ್ಲಿಸದೆ ಎಳೆಯುತ್ತೇವೆ. ಎಳೆದಷ್ಟೂ ಊಟೆ ಬಿಚ್ಚುತ್ತದೆ. ನಾನು ದೊಡ್ಡ ಜಾಣ! ಗೆರೆ ದಾಟಿಸಿ ಚಕ್ರವನ್ನು ಪೂರ್ತಿ ತಿರುಗಿಸಿದೆ. ಉರಿ ಭಗ್ಗೆಂದಿತು. ನಾಲ್ಕು ದಿನ ಎದೆ ಸೆಟೆಸಿ ತಿರುಗಿದೆ. ಐದನೆಯ ದಿನ ಕೊಳವೆ ಒಂದಿಷ್ಟು ತಿಳಿ ಎಣ್ಣೆ ಉಗುಳಿ ಸುಮ್ಮನಾಯಿತು.

ಮಾವ ಜ್ವರದಲ್ಲೇ ಎದ್ದು ಬಂದ. "ಏನ್ ಮಾಡಿದೆಲೇ! ಈ ಗ್ಯಾಸಿನಾಗ ಎಣ್ಣಿ ಆವಿ ಆಗಿ ಕುಂತಿರತೈತಿ. ನೀ ಒಮ್ಮಿಗೇ ಎಳದಿ, ಬಾವಿ ಬುಡದಾಗ ಒತ್ತಡ ಇಳೀತು, ಆವಿ ಎಲ್ಲಾ ಹನಿ ಆತು. ಆ ಹನಿ ಬುಡದ ಸುತ್ತ ಕಲ್ಲಿನ ಸಂದ್ಯಾಗ ಕುಂತು ದಾರಿ ಕಟ್ಟೈತಿ. ಹಿಂದ ಗ್ಯಾಸ್ ಬೇಕಾದಷ್ಟೈತಿ, ಬರಾಕ ದಾರಿ ಇಲ್ಲ."

ಎರಡು ವಾರ ಬಾವಿ ಮುಚ್ಚಿಟ್ಟರು. ತೆರೆದಾಗ ಬಂದದ್ದು ಮುದುಕನ ಉಸಿರಿನಷ್ಟು. ಅಕ್ಕನಿಗೆ ಆಗ ಏಳು ತಿಂಗಳು. ಕೆಲಸ ಹೋದರೆ ಅಂದೇ ಕಂಪನಿಯ ಮನೆ ಬಿಡಬೇಕು.

"ಯಾರು ತಿರುಗಿಸಿದ್ದು?" ಎಂದರು ಸಾಹೇಬರು.

"ನಾನs ರಿ," ಎಂದ ಮಾವ. ಬರುವಾಗ ದಾರಿಯಲ್ಲೇ ನನಗೆ ಹೇಳಿದ್ದ: "ನೀ ಬಾಯಿ ಬಿಟ್ರ ಇಬ್ರೂ ಹೋಗ್ತೀವಿ. ಒಬ್ಬನಾರ ಇರಲಿ." ಆದರೆ ಅದನ್ನು ನೆಪ ಮಾಡಲಾರೆ. ನಾನು ಹೆದರಿದೆ, ಅಷ್ಟೇ.

ಮಾವನ ಕೆಲಸ ಹೋಯಿತು, ಅವನೂ ಅಕ್ಕನೂ ಊರಿಗೆ ಹಡಗು ಹತ್ತಿದರು. ಅಕ್ಕ ಹಡಗಿನಲ್ಲೇ ಹೆತ್ತಳು. ಕೂಸು ಉಳಿಯಲಿಲ್ಲ, ಸಮುದ್ರಕ್ಕೆ ಬಿಟ್ಟರಂತೆ. ಅಯ್ಯೋ ಶಿವನೇ, ಒಂದು ಹಿಡಿ ಮಣ್ಣೂ ಸಿಗಲಿಲ್ಲ.

ಈಗ ಚಕ್ರ ನನ್ನ ಕೈಯಲ್ಲಿದೆ, ಮಾವನ ಮನೆಯೂ ನನ್ನದೇ. ಬರ್ಮಾ ಮಾತು ಕಲಿತೆ, ನಪ್ಪಿಯ ನಾತ ಮೂಗಿಗೆ ಹತ್ತುವುದಿಲ್ಲ. ಇಲ್ಲಿಯ ಜನ ನನ್ನನ್ನು ನಂಬುತ್ತಾರೆ. ಮೊನ್ನೆ ಅಕ್ಕ ಬರೆಸಿದ ಕಾಗದ ಬಂತು. "ನಿಮ್ಮ ಮಾವನ ಸೊಕ್ಕಿಗೆ ನನ್ನ ಕೂಸು ಹೋತು. ಅವನ ಜೋಡಿ ಮಾತು ಬಿಟ್ಟು ಎರಡು ವರ್ಷಾತು. ನನಗ ಇನ್ನ ನೀ ಒಬ್ಬನs. ಊರಿಗೆ ಬಾರಪ್ಪ."

ಮಾವ ಅವಳಿಗೂ ಹೇಳಿಲ್ಲ.

ಅಕ್ಕ, ಈ ಕಾಗದವನ್ನು ಊರ ಮಂದಿಯೆಲ್ಲ ಕೂತಿರುವಾಗಲೇ ಓದಿಸು, ಮಾವನನ್ನೂ ಕೂರಿಸಿಕೋ. ಚಕ್ರ ತಿರುಗಿಸಿದವನು ನಾನು. ಓದಿಸಿಯಾದ ಮೇಲೂ ಬಾ ಅನ್ನುವ ಮನಸ್ಸಿದ್ದರೆ ಬರೆ. ಇಲ್ಲದಿದ್ದರೆ ಬೇಡ, ನಾನು ಇಲ್ಲೇ ಅವನ ಮನೆಯಲ್ಲಿ ಇರುತ್ತೇನೆ.