ಇನಾಸನ ರಿವರ್ಸ್ ಗೇರ್

ಕರ್ರ್ ಎಂದು ಮೊದಲು ಹಲ್ಲು ಕಡಿದು, ಆಮೇಲೆ ಉದ್ದಕ್ಕೂ ಊಳಿಡುವ ರಿವರ್ಸ್ ಗೇರ್. ಐವತ್ತೆಂಟನೇ ಇಸವಿ ಎಂದರೆ ನನ್ನ ಕಿವಿಗೆ ಇವತ್ತಿಗೂ ಆ ಸದ್ದೇ. ದಾಸನಕೊಪ್ಪದಿಂದ ಶಿರಸಿಗೆ ಬೆಳಗಿನ ಬಸ್ಸು ಓಡಿಸುತ್ತಿದ್ದ ಇನಾಸ, ಮುಂದಕ್ಕೆ ಹೋದಷ್ಟೇ ಹಿಂದಕ್ಕೂ ಬರುತ್ತಿದ್ದ. ಒಂದು ಫರ್ಲಾಂಗ್ ಹಿಂದೆ ಯಾರೋ ಕೈ ಎತ್ತಿದ್ದು ಮಿರರಿನಲ್ಲಿ ಕಂಡರೆ ಸಾಕು: ಬ್ರೇಕು, ಗೇರು, ಊಳು.

ನಾನಾಗ ಶಿರಸಿಯ ಒಂದು ಶಾಲೆಯಲ್ಲಿ ಪ್ರೊಬೇಷನ್ ಮೇಲಿದ್ದ ಟೀಚರ್. ಧಾರವಾಡದ ಕಾನ್ವೆಂಟಿನ ಸಿಸ್ಟರುಗಳು ಪ್ರೇಯರ್ ಜೊತೆಗೇ ಕಲಿಸಿ ಕಳಿಸಿದ್ದ ಪಂಕ್ಚುವಾಲಿಟಿಯನ್ನು ಈ ಮನುಷ್ಯ ಮೂರೇ ತಿಂಗಳಲ್ಲಿ ಹಾಳುಮಾಡಿದ. ಒಮ್ಮೆ ಅರ್ಧ ಮೈಲಿ ಹಿಂದೆ ಬಂದು ನಿಲ್ಲಿಸಿದರೆ, ಆ ಹೆಂಗಸು ಕೈ ಎತ್ತಿದ್ದು ಗದ್ದೆಗೆ ನುಗ್ಗಿದ ಎಮ್ಮೆಯನ್ನು ಓಡಿಸಲಿಕ್ಕೆ!

“ಎಮ್ಮಿಗೂ ಒಂದ್ ಸೀಟ್ ಕೊಡ್ರಿ ಡ್ರೈವರ್ರ,” ಎಂದ ಮೆಣಸಿನಕಾಯಿ ವ್ಯಾಪಾರದ ಬಸಣ್ಣ. “ಅಕ್ಕೋರ ಬಾಜೂಕ ಕುಂದ್ರಸ್ರಿ, ನಾಕ್ ಅಕ್ಷರಾ ಕಲೀಲಿ.”

ಬಸ್ಸೆಲ್ಲ ನಕ್ಕಿತು. ನಾನು ನಗಲಿಲ್ಲ. ಇನಾಸನೂ ನಗಲಿಲ್ಲ.

ಹೊನ್ನಾವರದ ಕಡೆಯವನು. ಯುದ್ಧದ ಕಾಲದಲ್ಲಿ ಸರಕು ಹಡಗಿನ ಖಲಾಸಿಯಾಗಿದ್ದ. ಕಡು ಬೇಸಿಗೆಯಲ್ಲೂ ಬೂಟಿನ ಲೇಸು ಬಿಗಿದೇ ಇರಬೇಕು. “ಹಡಗು ಯಾವಾಗ ಮುಳುಗ್ತದೋ ಅಂತ ಎರಡು ತಿಂಗಳು ಬೂಟು ಹಾಕ್ಕೊಂಡೇ ಮಲಗಿದ್ದು ಅಕ್ಕೋರೆ, ಈಗ ಕಾಲು ಬಿಚ್ಚೂಕೆ ಬಿಡೂದಿಲ್ಲ,” ಎನ್ನುತ್ತಿದ್ದ. ರೇಡಿಯೇಟರ್ ಕುದಿದು ಬಸ್ಸು ನಿಂತಾಗಲೆಲ್ಲ ನಾನು ವಾಚು ನೋಡುವುದು, ಅವನು ಹಡಗಿನ ಕತೆ ತೆಗೆಯುವುದು. ಕತ್ತಲಲ್ಲಿ ಡೆಕ್ ಮೇಲೆ ಬೀಡಿ ಹಚ್ಚಿದವನಿಗೆ, ಶತ್ರುವಿಗೆ ಬೆಳಕು ಕಂಡೀತೆಂದು, ಮುಖ್ಯ ಖಲಾಸಿ ಕಪಾಳಕ್ಕೆ ಬಿಟ್ಟದ್ದು; ಅಲೆಗೆ ಜಾರುವ ದಾಲಿನ ಪಾತ್ರೆಯನ್ನು ಅಡುಗೆಯವನು ಮಗುವಿನ ಹಾಗೆ ಅಪ್ಪಿಕೊಂಡು ಕೂತದ್ದು. ಹೀಗೇ ಒಂದು ಬೆಳಿಗ್ಗೆ ಪೆದ್ರುವಿನ ಮಾತು ಬಂತು.

“ಮೂವತ್ತು ಹಡಗು ಸಾಲಾಗಿ ಹೋಗ್ತಿದ್ವು. ಮುಂದಿನದಕ್ಕೆ ಸಬ್‌ಮರೀನಿನ ಟಾರ್ಪೆಡೊ ಬಿತ್ತು. ನೀರಲ್ಲಿ ನಮ್ಮೂರ ಪೆದ್ರು. ಕೈ ಎತ್ತಿದ. ನನ್ನ ಕೈಯಲ್ಲಿ ಹಗ್ಗ ಇತ್ತು. ಆದ್ರೆ ಹಡಗು ನಿಲ್ಸೂಕಿಲ್ಲ ಅಂತ ಆರ್ಡರ್. ನಿಂತ್ರೆ ನಮ್ಗೂ ಬೀಳ್ತದೆ. ಕಪ್ತಾನಂದು ತಪ್ಪಲ್ಲ ಅಕ್ಕೋರೆ.” ಬಾನೆಟ್ಟನ್ನು ಸುಮ್ಮನೆ ಒರೆಸಿದ. “ಆ ಕೈ ಮಾತ್ರ ಭಾರೀ ಹೊತ್ತು ಕಾಣ್ತಿತ್ತು.”

ನನ್ನ ವಾಚಿನಲ್ಲಿ ಆಗ ಹತ್ತೂ ಹತ್ತು. ನಿಜ ಹೇಳುತ್ತೇನೆ, ನನ್ನ ತಲೆಯಲ್ಲಿದ್ದದ್ದು ಹೆಡ್‌ಮಿಸ್ಟ್ರೆಸ್ಸರ ಮುಖ ಮಾತ್ರ.

ಇನ್ನೊಂದು ಸಲ ಲೇಟಾದರೆ ಕೆಲಸವಿಲ್ಲ ಎಂದು ಅವರು ನನಗೆ ಹೇಳಿಬಿಟ್ಟಿದ್ದರು. ಕೆಲಸ ಹೋಗುವುದನ್ನೇ ಅಪ್ಪ ಕಾಯುತ್ತಿದ್ದರು. ಗಂಡು ಗೊತ್ತುಮಾಡಿ ಇಟ್ಟಿದ್ದರು. ಇನಾಸನಿಗೂ ಬಸ್ಸಿನ ಮಾಲೀಕರು, ಇನ್ನೊಮ್ಮೆ ಟೈಮ್ ತಪ್ಪಿದರೆ ಕೀ ಕೊಟ್ಟು ಹೋಗು ಎಂದಿದ್ದರು. ಅಷ್ಟಾದರೂ ಬುದ್ಧಿ ಬರಲಿಲ್ಲ ಅವನಿಗೆ.

ಇನ್‌ಸ್ಪೆಕ್ಷನ್ ದಿನ ನಾನು ಅವನ ಸೀಟಿನ ಪಕ್ಕವೇ ನಿಂತೆ. “ಇನಾಸಣ್ಣ, ಇವತ್ತೊಂದಿನ ಯಾರಿಗೂ ನಿಲ್ಲಿಸಬೇಡಿ. ಪ್ಲೀಸ್. ನನ್ನ ಕೆಲಸ ಹೋಗ್ತದೆ.”

ನನ್ನ ಮುಖ ನೋಡಿದ. “ಆಯ್ತು ಅಕ್ಕೋರೆ.”

ಅರ್ಧ ದಾರಿಯಲ್ಲಿ ಮಿರರಿನಲ್ಲಿ ಒಬ್ಬ ಮುದುಕ ಕಂಡ. ಕೊಡೆ ಎತ್ತಿ ಹಿಡಿದು ಓಡಿ ಬರುತ್ತಿದ್ದ. ಇನಾಸನ ಬೂಟು ಬ್ರೇಕಿನ ಮೇಲೆ ಹೋಯಿತು. “ಪ್ಲೀಸ್,” ಎಂದೆ.

“ಏ ಡ್ರೈವರ್ರ, ಮುದುಕಾ ಓಡಿ ಬರಾಕ್ಹತ್ಯಾನ್ರೀ!” ಹಿಂದಿನಿಂದ ಕೂಗಿದವನು ಬಸಣ್ಣನೇ.

ಬಸ್ಸು ನಿಲ್ಲಲಿಲ್ಲ. ಶಿರಸಿ ಮುಟ್ಟಿದಾಗ ಇನ್ನೂ ಒಂಬತ್ತೂವರೆ. ಎಲ್ಲರೂ ಇಳಿದರೂ ಇನಾಸ ಸ್ಟಿಯರಿಂಗ್ ಬಿಟ್ಟಿರಲಿಲ್ಲ. “ಕೈ ಎತ್ತಿದ್ರು,” ಎಂದ, ಅಷ್ಟೇ.

ನನ್ನ ಕೆಲಸ ಪರ್ಮನೆಂಟ್ ಆಯಿತು. ಮರುದಿನ ಬಸ್ಸಿನಲ್ಲಿ ಬೇರೆ ಡ್ರೈವರ್ ಇದ್ದ. ಆ ಮುದುಕನೋ, ಬಸಣ್ಣ ಹೇಳಿದ ಪ್ರಕಾರ, ಬಸ್ಸು ತಪ್ಪಿದ್ದೇ ಮನೆಗೆ ಹೋಗಿ ಉಂಡು ಮಲಗಿದ್ದನಂತೆ. ಎಂಥ ಹಟಮಾರಿ ಈ ಇನಾಸ! ಹಿಂದಕ್ಕೆ ಹೋಗೆಂದು ಯಾರು ಹೇಳಿದ್ದರು ಇವನಿಗೆ?

ಅವನನ್ನು ಕೊನೆಯ ಸಲ ನೋಡಿದ್ದು ಆ ಇನ್‌ಸ್ಪೆಕ್ಷನ್ ದಿನವೇ, ಕ್ಲಾಸಿನ ಕಿಟಕಿಯಿಂದ. ಇನ್‌ಸ್ಪೆಕ್ಟರರು ನನ್ನ ಕುರ್ಚಿಯಲ್ಲಿ ಕೂತಿದ್ದರು. ಹೊರಗೆ ಅದೇ ಊಳು. ಹನ್ನೆರಡಕ್ಕೆ ಸಿದ್ದಾಪುರಕ್ಕೆ ಹೊರಡಬೇಕಾದ ಬಸ್ಸು, ಒಬ್ಬ ಪ್ಯಾಸೆಂಜರೂ ಇಲ್ಲದೆ, ಬಂದ ದಾರಿಗೇ ತಿರುಗಿಕೊಳ್ಳುತ್ತಿತ್ತು. ಎಲ್ಲಿಗೆಂದು ನನಗೆ ಗೊತ್ತಾಯಿತು. ಕೀ ಕೊಡಬೇಕಾದೀತೆಂದೂ ಗೊತ್ತಾಯಿತು. ಕಿಟಕಿ ರಸ್ತೆಗೇ ಇತ್ತು. ನಾನು ಕೈ ಎತ್ತಿದ್ದರೆ ಖಂಡಿತ ನಿಲ್ಲಿಸುತ್ತಿದ್ದ.

“ಕಂಟಿನ್ಯೂ,” ಎಂದರು ಇನ್‌ಸ್ಪೆಕ್ಟರರು. ಕೈಯಲ್ಲಿ ಚಾಕ್ ಇತ್ತು. ಬೋರ್ಡಿನ ಕಡೆಗೆ ತಿರುಗಿದೆ.